ತೂಕದ ಚೀಟಿಯಿಂದ ಹಡಗಿನ ಹೊಗೆವರೆಗೆ

ಹಡಗು ಸಾಗಣೆ ಹಸಿರಾಗಬೇಕು, ಡಿಜಿಟಲ್ ಆಗಬೇಕು ಅನ್ನುವ ಮಾತು ಬಂದಾಗಲೆಲ್ಲ ನಮ್ಮ ಮೈಸೂರು–ಮಂಡ್ಯ ಕಡೆಯ ರಫ್ತುದಾರರು ಅದನ್ನು ಬಂದರಿನವರ ತಲೆನೋವು ಅಂತ ಪಕ್ಕಕ್ಕಿಡುತ್ತಾರೆ. ಇದು ದೊಡ್ಡ ತಪ್ಪು. ಕಂಟೈನರ್ ಯಾರ್ಡಿನಲ್ಲಿ ಬಿದ್ದಿರುವುದಕ್ಕೆ, ಟ್ರೇಲರ್ ಎರಡೆರಡು ಸಲ ಓಡಾಡುವುದಕ್ಕೆ ಕಾರಣವಾಗುವ ಎಡವಟ್ಟುಗಳಲ್ಲಿ ಬಹಳಷ್ಟು ಹುಟ್ಟುವುದು ನಂಜನಗೂಡಿನ ಗೋಡೌನಿನಲ್ಲಿ, ಮದ್ದೂರಿನ ಪ್ಯಾಕಿಂಗ್ ಶೆಡ್ಡಿನಲ್ಲಿ.

ಮೊದಲು ತೂಕ. 2016ರ ಜುಲೈ 1ರಿಂದ ವಿಜಿಎಂ, ಅಂದರೆ ದೃಢೀಕರಿಸಿದ ಒಟ್ಟು ತೂಕ ಕೊಡದೆ ತುಂಬಿದ ಕಂಟೈನರನ್ನು ಹಡಗಿಗೆ ಏರಿಸುವಂತಿಲ್ಲ. ಅದಕ್ಕೆ ಎರಡು ದಾರಿ: ತುಂಬಿದ ಕಂಟೈನರನ್ನೇ ತೂಗುವುದು, ಇಲ್ಲವೇ ಒಳಗಿನ ಒಂದೊಂದನ್ನೂ ತೂಗಿ ಕೂಡುವುದು. ಇಪ್ಪತ್ತಡಿ ಕಂಟೈನರಿಗೆ ಮಂಡ್ಯದ ಬೆಲ್ಲ ತುಂಬಿದ್ದೀರಿ ಅಂದುಕೊಳ್ಳಿ. 20 ಕೆ.ಜಿ. ಬೆಲ್ಲದ ಪೆಟ್ಟಿಗೆ, ರಟ್ಟು ಸೇರಿ 20.6 ಕೆ.ಜಿ. ಅಂಥವು 800 ಆದರೆ 16,480. ತಲಾ 18 ಕೆ.ಜಿ.ಯ 10 ಪ್ಯಾಲೆಟ್‌ಗೆ (ಪೆಟ್ಟಿಗೆ ಪೇರಿಸುವ ಹಲಗೆ) 180. ಬೆಲ್ಟು, ತೇವ ಹೀರುವ ಚೀಲ, ಒಳಗೆ ಹೊದಿಸಿದ ಕಾಗದ ಎಲ್ಲ ಸೇರಿ 40. ಖಾಲಿ ಕಂಟೈನರಿನ ತೂಕ 2,230. ಒಟ್ಟು 18,930 ಕೆ.ಜಿ. ಪ್ಯಾಕಿಂಗ್ ಲಿಸ್ಟಿನಲ್ಲಿರುವ 16,480ನ್ನೇ ವಿಜಿಎಂ ಅಂತ ಬರೆದು ಕಳಿಸುವವರು ಈಗಲೂ ಇದ್ದಾರೆ. ಖಾಲಿ ತೂಕವನ್ನು ಹಳೇ ಫೈಲಿನಿಂದ ಎತ್ತಿ ಹಾಕುವವರೂ ಇದ್ದಾರೆ; ಅದನ್ನು ಆಯಾ ಕಂಟೈನರಿನ ಬಾಗಿಲ ಮೇಲೆ ನೋಡಿಯೇ ಬರೆದುಕೊಳ್ಳಬೇಕು, ಬಾಗಿಲಿನ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ವೇಬ್ರಿಡ್ಜಿನಲ್ಲಿ ತೂಗಿಸುವವರು ಡೀಸೆಲ್ ಮರೆಯುತ್ತಾರೆ. ಖಾಲಿ ಟ್ರೇಲರ್ ತೂಗುವಾಗ ಟ್ಯಾಂಕ್ ತುಂಬಿತ್ತು, ಮಾಲು ತುಂಬಿ ತೂಗುವ ಹೊತ್ತಿಗೆ 150 ಲೀಟರ್ ಕಮ್ಮಿಯಾಗಿತ್ತು ಅಂದರೆ ಅಲ್ಲೇ ಸುಮಾರು 125 ಕೆ.ಜಿ. ವ್ಯತ್ಯಾಸ. ಒಂದು ಸಲ ಡ್ರೈವರ್ ಒಳಗೆ, ಇನ್ನೊಂದು ಸಲ ಹೊರಗೆ ಇದ್ದರೆ ಅದೂ ಸೇರುತ್ತದೆ. ಯಾವ ಕಂಟೈನರ್ ತಳದಲ್ಲಿ, ಯಾವುದು ಮೇಲೆ ಅಂತ ಹಡಗಿನವರು ಪ್ಲಾನ್ ಹಾಕುವುದು ಈ ಅಂಕಿ ನಂಬಿ. ಹಗುರ ಅಂತ ಮೇಲಿಟ್ಟ ಪೆಟ್ಟಿಗೆ ನಿಜಕ್ಕೂ ಭಾರವಾಗಿದ್ದರೆ, ಅಲೆಗೆ ಹಡಗು ಹೊಯ್ದಾಡುವಾಗ ಇಡೀ ಸಾಲೇ ವಾಲುತ್ತದೆ.

ಎರಡನೆಯದು ಇನ್‌ವಾಯ್ಸ್ ನಂಬರು. ಕಸ್ಟಮ್ಸಿಗೆ ಕೊಡುವ ಶಿಪ್ಪಿಂಗ್ ಬಿಲ್ಲಿನಲ್ಲಿ "041", ಮಾರಾಟದ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1ರ 6ಎ (ರಫ್ತಿನ) ಪಟ್ಟಿಯಲ್ಲಿ "41" ಅಂತಿದ್ದರೆ ಎಸ್‌ಬಿ 005 ಅನ್ನುವ ದೋಷ ಬಂದು ರಫ್ತಿಗೆ ಕಟ್ಟಿದ ಐಜಿಎಸ್‌ಟಿ ತೆರಿಗೆಯ ರೀಫಂಡ್ ನಿಲ್ಲುತ್ತದೆ. ಮೂಲ ಕಾರಣ, ಗಿರಾಕಿಗೊಂದು, ಜಿಎಸ್‌ಟಿಗೊಂದು ಅಂತ ಎರಡು ಸೀರೀಸ್ ಇಟ್ಟುಕೊಳ್ಳುವ ಚಾಳಿ. ಒಂದೇ ನಂಬರು ಇಟ್ಟುಕೊಳ್ಳಿ. ತಪ್ಪು ಜಿಎಸ್‌ಟಿ ಕಡೆಯದಾದರೆ ಅದೇ ರಿಟರ್ನಿನ 9ಎ (ತಿದ್ದುಪಡಿ) ಪಟ್ಟಿಯಲ್ಲಿ ತಿದ್ದಬಹುದು; ಶಿಪ್ಪಿಂಗ್ ಬಿಲ್ಲಿನದಾದರೆ ಕಸ್ಟಮ್ಸ್ ಬಾಗಿಲಿಗೆ ಅಲೆಯಬೇಕು. ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ ರಿಟರ್ನಿನಲ್ಲಿ ರಫ್ತಿನ ತೆರಿಗೆಯನ್ನು 3.1(ಬಿ) ಸಾಲಿನ ಬದಲು 3.1(ಎ)ಯಲ್ಲಿ ತುಂಬಿದರಂತೂ ಮಾಹಿತಿ ಕಸ್ಟಮ್ಸಿಗೆ ಹೋಗುವುದೇ ಇಲ್ಲ. ಬೆಂಗಳೂರಿನ ವೈಟ್‌ಫೀಲ್ಡ್ ಐಸಿಡಿ (ಒಳನಾಡಿನ ಕಂಟೈನರ್ ಡಿಪೋ) ಮೂಲಕ ಕಳಿಸುವವರಿಗೆ ಎಸ್‌ಬಿ 006 ಎದುರಾಗುತ್ತದೆ. ಅಂದರೆ ಬಂದರಿನಲ್ಲಿ ಫೈಲ್ ಆಗಬೇಕಾದ ಇಜಿಎಂ (ಹಡಗಿನವರು ಕಸ್ಟಮ್ಸಿಗೆ ಕೊಡುವ ರಫ್ತು ಸರಕಿನ ಪಟ್ಟಿ) ನಿಮ್ಮ ಬಿಲ್ಲಿಗೆ ತಾಳೆಯಾಗಿಲ್ಲ. ಹಡಗು ಹೊರಟ ವಾರದಲ್ಲೇ ಇದನ್ನು ಕಸ್ಟಮ್ಸಿನ ಐಸ್‌ಗೇಟ್ ಪೋರ್ಟಲಿನಲ್ಲಿ ನೋಡಬೇಕು, ಮೂರು ತಿಂಗಳು ಬಿಟ್ಟು ಸಿಎಚ್‌ಎಗೆ (ಕಸ್ಟಮ್ಸ್ ಏಜೆಂಟ್) ಫೋನು ಮಾಡಿದರೆ ಹಳೇ ಕಾಗದ ಹುಡುಕುವುದೇ ಕೆಲಸವಾಗುತ್ತದೆ.

ಬಿಎಲ್, ಅಂದರೆ ಮಾಲಿನ ಹಕ್ಕುಪತ್ರವಾದ ಬಿಲ್ ಆಫ್ ಲೇಡಿಂಗ್ ವಿಷಯಕ್ಕೆ ಬಂದರೆ, ಮೂರು ಒರಿಜಿನಲ್ ಪ್ರತಿ ಕೊರಿಯರಿನಲ್ಲಿ, ಬ್ಯಾಂಕಿನಿಂದ ಬ್ಯಾಂಕಿಗೆ ಸುತ್ತುವಷ್ಟರಲ್ಲಿ ಕೊಲ್ಲಿ ದೇಶಕ್ಕೋ ಸಿಂಗಪುರಕ್ಕೋ ಹೊರಟ ಹಡಗು ಮುಟ್ಟಿಬಿಟ್ಟಿರುತ್ತದೆ. ಮಾಲು ಅಲ್ಲಿ ಡೆಮರೇಜ್ (ಬಿಡಿಸಿಕೊಳ್ಳಲು ತಡವಾದದ್ದಕ್ಕೆ ದಂಡ) ತಿನ್ನುತ್ತಾ ಕೂರುತ್ತದೆ. ಬ್ರಿಟನ್ 2023ರ ಸೆಪ್ಟೆಂಬರ್ 20ರಿಂದ ವಿದ್ಯುನ್ಮಾನ ಬಿಎಲ್‌ಗೆ ಕಾಗದದಷ್ಟೇ ಮಾನ್ಯತೆ ಕೊಟ್ಟಿದೆ. ನಮ್ಮಲ್ಲಿ 1856ರ ಬಿಎಲ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂತು; ಬ್ರಿಟನ್ನಿನ ಹಾಗೆ ಈ ಮಾತನ್ನು ಅದರಲ್ಲಿ ಬಿಡಿಸಿ ಬರೆಯಬೇಕಿತ್ತು, ಬರೆಯಲಿಲ್ಲ ಅನ್ನುವುದು ನನ್ನ ಬೇಸರ. ಆದರೆ ಕಾಯ್ದೆಯಲ್ಲಿ ಅದು ಬರುವವರೆಗೆ ಕಾಯಲೇಬೇಕೆಂದೇನೂ ಇಲ್ಲ. ದುಡ್ಡು ಮುಂಗಡವಾಗಿ ಬಂದಿದೆ, ಎಲ್‌ಸಿ (ಪಾವತಿಗೆ ಬ್ಯಾಂಕಿನ ಖಾತರಿಪತ್ರ) ಇಲ್ಲ, ಗಿರಾಕಿ ಗೊತ್ತಿರುವವರು ಅಂದರೆ ಸೀವೇ ಬಿಲ್ ಸಾಕು, ಒರಿಜಿನಲ್ ಕಾಗದದ ಗೊಡವೆಯೇ ಬೇಡ. ಅಭ್ಯಾಸಬಲದಿಂದ ಮೂರು ಒರಿಜಿನಲ್ ತೆಗೆಸುವವರು ಇಲ್ಲಿ ಬಹಳ. ದುಡ್ಡು ಬಾಕಿಯಿದ್ದರೆ ಮಾತ್ರ ಸೀವೇ ಬಿಲ್ ಕಡೆ ತಲೆ ಹಾಕಬೇಡಿ: ಕಾಗದ ತೋರಿಸದೆಯೇ ಗಿರಾಕಿ ಮಾಲು ಬಿಡಿಸಿಕೊಳ್ಳುತ್ತಾರೆ.

ಇದಕ್ಕೂ ಹೊಗೆಗೂ ಏನು ಸಂಬಂಧ? ಮಾಹಿತಿ ತಡವಾದಷ್ಟೂ ಎಣ್ಣೆ ಉರಿಯುತ್ತದೆ. ಬರ್ತ್ (ಬಂದರಿನಲ್ಲಿ ನಿಲ್ಲುವ ಜಾಗ) ಯಾವಾಗ ಸಿಗುತ್ತದೆಂದು ತಿಳಿಯದ ಹಡಗು ಸರದಿ ಹಿಡಿಯಲು ಜೋರಾಗಿ ಓಡಿಬಂದು ಬಂದರಿನ ಹೊರಗೆ ಲಂಗರು ಹಾಕಿ ಕಾಯುತ್ತದೆ. ವೇಗವನ್ನು 18 ನಾಟ್‌ನಿಂದ 16ಕ್ಕೆ ಇಳಿಸಿದರೆ ಎಂಜಿನ್ ಹೊರೆ ಹೆಚ್ಚುಕಮ್ಮಿ ಶೇ 30 ಇಳಿಯುತ್ತದೆ. ಪಯಣ ಉದ್ದವಾಗುವುದನ್ನು ಲೆಕ್ಕ ಹಿಡಿದರೂ ಅದೇ ದೂರಕ್ಕೆ ಶೇ 20ರಷ್ಟು ಎಣ್ಣೆ ಉಳಿತಾಯ. ಒಂದು ಟನ್ ಹಡಗಿನ ಎಣ್ಣೆ ಉರಿದರೆ ಮೂರು ಟನ್ನಿಗೂ ಮೇಲೆ ಇಂಗಾಲದ ಡೈಆಕ್ಸೈಡ್. 2020ರ ಜನವರಿಯಿಂದ ಎಣ್ಣೆಯ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿಯಿತು, ಬಂದರಿನ ಊರುಗಳ ಗಾಳಿಗೆ ಅದು ಒಳ್ಳೆಯದೇ. ಆದರೆ ಗಂಧಕ ಕಮ್ಮಿಯಾಯಿತೆಂದು ಇಂಗಾಲ ಕಮ್ಮಿಯಾಗುವುದಿಲ್ಲ.

ಯುರೋಪಿಗೆ ಅಗರಬತ್ತಿ, ಕಾಫಿ, ಗಾರ್ಮೆಂಟ್ಸ್ ಕಳಿಸುವವರ ಬಿಲ್ಲಿನಲ್ಲಿ ಇಂಗಾಲದ ಹೆಸರಿನ ಸರ್‌ಚಾರ್ಜ್ ಆಗಲೇ ಕೂತಿದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಹಡಗು ಕಂಪನಿಗಳು 2024ರ ಹೊಗೆಯಲ್ಲಿ ಶೇ 40ಕ್ಕೆ, 2025ರದ್ದರಲ್ಲಿ ಶೇ 70ಕ್ಕೆ ಲೆಕ್ಕ ಕೊಡಬೇಕಿತ್ತು, 2026ರಿಂದ ಪೂರ್ತಿ ನೂರಕ್ಕೆ. ನಮ್ಮಲ್ಲಿಂದ ಹೋಗುವ ಪಯಣದ ಅರ್ಧ ಹೊಗೆ ಈ ಲೆಕ್ಕಕ್ಕೆ ಬರುತ್ತದೆ. ಕೊಟೇಶನ್ ಕೇಳುವಾಗ ಈ ಸರ್‌ಚಾರ್ಜನ್ನು ಸರಕು ಬಾಡಿಗೆಯೊಳಗೆ ಮುಚ್ಚಿಡದೆ ಬೇರೆ ಸಾಲಿನಲ್ಲಿ ತೋರಿಸಿ ಅಂತ ಸಾಗಣೆ ಏರ್ಪಡಿಸುವ ಫಾರ್ವರ್ಡರಿಗೆ ಹೇಳಿ. ಸೂಯೆಜ್ ದಾರಿಯೋ, ಆಫ್ರಿಕಾ ಸುತ್ತುವುದೋ ಅಂತಲೂ ಕೇಳಿ. ಅಂಕಿ ಅದರ ಮೇಲೆ ಬದಲಾಗುತ್ತದೆ.

ಕೊನೆಗೆ ನಮ್ಮ ರಸ್ತೆ. ವೈಟ್‌ಫೀಲ್ಡಿನಿಂದ ಖಾಲಿ ಕಂಟೈನರ್ ಹೊತ್ತ ಟ್ರೇಲರ್ ಮೈಸೂರಿಗೆ ಸುಮಾರು 160 ಕಿ.ಮೀ. ಬರುತ್ತದೆ. ಲೀಟರಿಗೆ 3ರಿಂದ 4 ಕಿ.ಮೀ. ಅಂದರೂ ಒಂದು ಹಿಡಿ ಮಾಲು ಸಾಗಿಸದೆ 45 ಲೀಟರ್ ಡೀಸೆಲ್, 120 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅದೇ ಹೊತ್ತಿಗೆ ನಂಜನಗೂಡಿನಲ್ಲಿ ಆಮದು ಮಾಲು ಇಳಿಸಿದ ಇನ್ನೊಂದು ಕಂಟೈನರ್ ಖಾಲಿಯಾಗಿ ವಾಪಸ್ ಬೆಂಗಳೂರಿಗೆ ಹೊರಟಿರುತ್ತದೆ. ಅದನ್ನೇ ತುಂಬಿ ಕಳಿಸಬಹುದು. ಅದಕ್ಕೆ ಅಳತೆ ಒಂದೇ ಇರಬೇಕು, ಹಡಗು ಕಂಪನಿ ಒಂದೇ ಇರಬೇಕು, ಅವರ ಅನುಮತಿ ಬರಹದಲ್ಲಿ ಬೇಕು. ತಿನ್ನುವ ಪದಾರ್ಥವಾದರೆ ಬಾಗಿಲು ಮುಚ್ಚಿ ಒಳಗೆ ನಿಂತು ಬೆಳಕು ತೂರುತ್ತದಾ, ರಾಸಾಯನಿಕದ ವಾಸನೆ ಇದೆಯಾ ನೋಡಲೇಬೇಕು. ಬೆಲ್ಲ ವಾಸನೆ ಹೀರಿಕೊಂಡರೆ ಇಡೀ ಲೋಡು ವಾಪಸ್.

ಮೈಸೂರು ಬಳಿಯ ಕಡಕೊಳದಲ್ಲಿ ರೈಲಿನಲ್ಲಿ ಕಂಟೈನರ್ ಸಾಗಿಸುವ ಸರ್ಕಾರಿ ಕಂಪನಿ ಕಾನ್‌ಕಾರ್‌ನ ಟರ್ಮಿನಲ್ ಇದೆ. 45 ವ್ಯಾಗನ್ನಿನ ಒಂದು ರೇಕಿಗೆ (ಇಡೀ ಗೂಡ್ಸ್ ರೈಲು) ಇಪ್ಪತ್ತಡಿಯ 90 ಕಂಟೈನರ್ ಬೇಕು, ಒಬ್ಬ ರಫ್ತುದಾರರಿಂದ ಅದು ತುಂಬುವ ಮಾತಲ್ಲ. ಯಾರ ಬಳಿ ಯಾವ ವಾರ ಎಷ್ಟು ಕಂಟೈನರ್, ಯಾವ ಬಂದರಿಗೆ, ಕಟ್ ಆಫ್ (ಬಂದರಿಗೆ ಮುಟ್ಟಿಸುವ ಕೊನೆಯ ದಿನ) ಯಾವಾಗ: ಈ ಐದು ಕಾಲಮ್ಮಿನ ಪಟ್ಟಿಯನ್ನು ಹೆಬ್ಬಾಳು, ಕಡಕೊಳ, ನಂಜನಗೂಡು, ಮದ್ದೂರಿನವರು ಪ್ರತಿ ಸೋಮವಾರ ಒಂದೇ ಶೀಟಿನಲ್ಲಿ ಹಂಚಿಕೊಳ್ಳಲು ಶುರು ಮಾಡಿದರೆ ರೈಲಿನವರ ಮುಂದೆ ಕೂತು ರೇಕ್ ಕೇಳುವುದಕ್ಕೆ ನಮ್ಮ ಕೈಯಲ್ಲಿ ಲೆಕ್ಕವಿರುತ್ತದೆ. ಗಿರಾಕಿಯ ಹೆಸರು, ದರ ಯಾರೂ ಬರೆಯಬೇಕಾಗಿಲ್ಲ.