ದಿನಕ್ಕೆ 27 ಗಂಟೆ ಆಡಿರಿ, ಮಕ್ಕಳೇ!

ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ ಇಟ್ಟದ್ದು ಸೃಷ್ಟಿಕರ್ತನ ದೂರದೃಷ್ಟಿಯ ಕೊರತೆ. ಇನ್ನು ಮೂರೇ ಮೂರು ಗಂಟೆ ಕೈಬಿಚ್ಚಿ ಕೊಟ್ಟಿದ್ದರೆ ಮೊಜಾಂಬಿಕ್, ಮಲಾವಿ, ಜಾಂಬಿಯಾದ ಎಷ್ಟೋ ಹಳ್ಳಿಗಳ ನೀರಿನ ಬವಣೆ 2010ಕ್ಕೇ ತೀರಿಹೋಗುತ್ತಿತ್ತು. ನಂಬಿಕೆ ಬಾರದಿದ್ದರೆ ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ.

‘ಪ್ಲೇಪಂಪ್’ ಎಂಬುದೊಂದು ಯಂತ್ರ. ಉದ್ಯಾನಗಳಲ್ಲಿ ಮಕ್ಕಳು ಹತ್ತಿ ಕುಳಿತು ಗಿರಗಿರ ಸುತ್ತುವ ಕಬ್ಬಿಣದ ಚಕ್ರ ಇರುತ್ತದಲ್ಲ, ಅದನ್ನೇ ಕೊಳವೆಬಾವಿಯ ಮೇಲೆ ಕೂರಿಸಿದ್ದಾರೆ. ಮಕ್ಕಳು ಸುತ್ತಿದಂತೆಲ್ಲ ಕೆಳಗಿನ ಪಂಪು ನೀರೆತ್ತಿ ಏಳು ಮೀಟರ್ ಎತ್ತರದ ಟ್ಯಾಂಕಿಗೆ ತುಂಬುತ್ತದೆ. ತಾಯಂದಿರು ಬಂದು ನಲ್ಲಿ ತಿರುಗಿಸಿದರೆ ಕೊಡ ತುಂಬುತ್ತದೆ. ಟ್ಯಾಂಕಿನ ನಾಲ್ಕು ಬದಿಗೆ ನಾಲ್ಕು ಫಲಕ. ಎರಡರಲ್ಲಿ ಆರೋಗ್ಯದ ಬುದ್ಧಿಮಾತು, ಇನ್ನೆರಡರಲ್ಲಿ ಜಾಹೀರಾತು. ಆ ಜಾಹೀರಾತಿನ ಹಣದಲ್ಲಿ ಯಂತ್ರದ ರಿಪೇರಿ. ಮಕ್ಕಳಿಗೆ ಆಟ, ಹೆಂಗಸರಿಗೆ ನೀರು, ಕಂಪನಿಗೆ ಪ್ರಚಾರ, ದಾನಿಗೆ ಪುಣ್ಯ. ಇಂಥದ್ದರ ಮೇಲೂ ಅನುಮಾನ ಪಡುವವನು ಮಕ್ಕಳ ನಗುವಿಗೇ ಶತ್ರುವಾಗಿರಬೇಕು.

ಈಗ ಲೆಕ್ಕ. ಒಂದು ಪಂಪು 2,500 ಜನರಿಗೆ ನೀರು ಕೊಡುತ್ತದೆ ಎಂಬುದು ಪ್ರವರ್ತಕರ ಭರವಸೆ. ತಲೆಗೆ ದಿನಕ್ಕೆ 15 ಲೀಟರ್ ಎಂದು ಕೈಬಿಗಿಹಿಡಿದು ಹಂಚಿದರೂ 37,500 ಲೀಟರ್ ಬೇಕು. ಎಲ್ಲ ಸರಿಯಿದ್ದಾಗ ಯಂತ್ರ ಗಂಟೆಗೆ ಎತ್ತುವುದು 1,400 ಲೀಟರ್, ಅದೂ ಅವರೇ ಹೇಳಿದ್ದು. ಭಾಗಿಸಿ. ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ 2009ರಲ್ಲಿ ಭಾಗಿಸಿ ನೋಡಿದಾಗ ಬಂದ ಉತ್ತರ: ಮಕ್ಕಳು ದಿನಕ್ಕೆ 27 ಗಂಟೆ ಬಿಡುವಿಲ್ಲದೆ ಆಡಬೇಕು. ಊಟ, ನಿದ್ದೆ, ಶಾಲೆ ಎಲ್ಲವನ್ನೂ ಬಿಟ್ಟರೂ ಮೂರು ಗಂಟೆಯ ಆಟ ಮರುದಿನಕ್ಕೆ ಬಾಕಿ ಉಳಿಯುತ್ತದೆ. ಒಂದೇ ವಾರದಲ್ಲಿ ಆ ಊರಿನ ಮಕ್ಕಳು ಇಪ್ಪತ್ತೊಂದು ಗಂಟೆಗಳ ಸಾಲಗಾರರು.

ನಾಲ್ಕನೇ ತರಗತಿಯ ಭಾಗಾಕಾರವಿದು. ಆದರೆ ಅದನ್ನು ಯಾರಾದರೂ ಮಾಡುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿತ್ತು. 1989ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕೃಷಿ ಮೇಳದಲ್ಲಿ ರಾನಿ ಸ್ಟೈವರ್ ಎಂಬ ಕೊಳವೆಬಾವಿ ಕೊರೆಯುವವರು ಈ ಚಕ್ರದ ಮಾದರಿಯನ್ನು ಇಟ್ಟಿದ್ದರು. ಟ್ರೆವರ್ ಫೀಲ್ಡ್ ಎಂಬ ಜಾಹೀರಾತು ಕ್ಷೇತ್ರದವರು ನೋಡಿ ಮರುಳಾಗಿ ಅದರ ಹಕ್ಕು ಪಡೆದರು. ಕೊರೆಯುವವನ ಕಣ್ಣಿಗೆ ಪಂಪಾಗಿ ಕಂಡದ್ದು ಜಾಹೀರಾತಿನವರ ಕಣ್ಣಿಗೆ ಫಲಕವಾಗಿ ಕಂಡಿತು. 2000ದಲ್ಲಿ ವಿಶ್ವಬ್ಯಾಂಕ್ ಬಹುಮಾನ ಕೊಟ್ಟಿತು. ವಿಶ್ವಬ್ಯಾಂಕಿನಲ್ಲಿ ಭಾಗಾಕಾರ ಬಲ್ಲವರು ಇದ್ದೇ ಇರುತ್ತಾರೆ. ಆ ದಿನ ರಜೆಯಲ್ಲಿದ್ದಿರಬೇಕು.

2006ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಬಿಲ್ ಕ್ಲಿಂಟನ್ ಅವರ ವಾರ್ಷಿಕ ಸಮಾವೇಶ. ವೇದಿಕೆಯ ಮೇಲೆ ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್. 1.64 ಕೋಟಿ ಡಾಲರ್ ನೆರವಿನ ಘೋಷಣೆಯಾಯಿತು. 2010ರ ಹೊತ್ತಿಗೆ ನಾಲ್ಕು ಸಾವಿರ ಪ್ಲೇಪಂಪು, ಒಂದು ಕೋಟಿ ಜನರಿಗೆ ನೀರು ಎಂಬ ಗುರಿ. ಕ್ಲಿಂಟನ್ ಒಂದು ಪಕ್ಷ, ಬುಷ್ ಇನ್ನೊಂದು ಪಕ್ಷ. ಯುದ್ಧ, ತೆರಿಗೆ, ಆರೋಗ್ಯವಿಮೆ ಯಾವುದರಲ್ಲೂ ಒಂದಾಗದವರು ಈ ಚಕ್ರದ ಸುತ್ತ ಒಂದಾದರು. ರ‍್ಯಾಪ್ ಗಾಯಕ ಜೇ-ಝೀ ಕೂಡ ಹಣ ಎತ್ತಿಕೊಟ್ಟರು. ಚಪ್ಪಾಳೆ ತಟ್ಟಿದವರಲ್ಲಿ ಬೆಳಿಗ್ಗೆ ಎದ್ದು ಕೊಡ ಹೊತ್ತವರು ಎಷ್ಟು ಜನ ಇದ್ದರೋ ಗೊತ್ತಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದು ನಮ್ಮ ಹಿರಿಯರು ಬೈಗುಳವಾಗಿ ಆಡಿದ ಮಾತು ಹೀಗೆ ಅಂತರರಾಷ್ಟ್ರೀಯ ಅಭಿವೃದ್ಧಿ ಕಾರ್ಯಕ್ರಮವಾಯಿತು.

ಹಳ್ಳಿಗೆ ಬರೋಣ. ಬೆಳಿಗ್ಗೆ ಆರು ಗಂಟೆಗೆ ನೀರು ಬೇಕು. ಆಗ ಮಕ್ಕಳು ಮಲಗಿರುತ್ತಾರೆ, ಆಮೇಲೆ ಶಾಲೆಗೆ ಹೋಗುತ್ತಾರೆ. ಸಂಜೆ ಆಡಬೇಕೆಂದರೂ ಈ ಚಕ್ರ ಸಾಮಾನ್ಯ ಆಟದ ಚಕ್ರದಂತಲ್ಲ. ಅದನ್ನು ಒಮ್ಮೆ ತಳ್ಳಿದರೆ ತಾನೇ ತಿರುಗುತ್ತಿರುತ್ತದೆ, ಹತ್ತಿ ಕುಳಿತರಾಯಿತು. ಇದು ಆಳದ ನೀರನ್ನು ಎತ್ತಬೇಕಾದ್ದರಿಂದ ತಳ್ಳುವುದು ಬಿಟ್ಟ ಮರುಕ್ಷಣ ನಿಲ್ಲುತ್ತದೆ. ಹತ್ತಿ ಕೂರುವ ಸುಖವಿಲ್ಲ, ತಳ್ಳುವ ಕಷ್ಟ ಮಾತ್ರ. ಹತ್ತು ನಿಮಿಷದಲ್ಲಿ ಮಕ್ಕಳು ಚೆಂಡಿನ ಕಡೆ ಓಡಿದರು. ಉಳಿದವರು ತಾಯಂದಿರು, ಅಜ್ಜಿಯರು. ಚಿಕ್ಕವರ ಎತ್ತರಕ್ಕೆ ಮಾಡಿದ ಆ ಚಕ್ರವನ್ನು ಬೆನ್ನು ಬಗ್ಗಿಸಿ ಹಿಡಿದು, ಸೊಂಟಕ್ಕೆ ಸುತ್ತಿದ ಬಟ್ಟೆ ಕಾಲಿಗೆ ತೊಡರದಂತೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಗಾಣದ ಎತ್ತಿನಂತೆ ಸುತ್ತಬೇಕು. 2007ರಲ್ಲಿ ಯುನಿಸೆಫ್ ಮೌಲ್ಯಮಾಪನ ನಡೆಸಿದಾಗ, ಊರಿನವರ ಎದುರು ಹೀಗೆ ಸುತ್ತುವುದಕ್ಕೆ ನಾಚಿಕೆಯಾಗುತ್ತದೆ ಎಂದು ಹೆಂಗಸರೇ ಹೇಳಿಕೊಂಡರು. ಟ್ಯಾಂಕಿನ ಮೇಲಿನ ಫಲಕದಲ್ಲಿ ಮಾತ್ರ ಮಕ್ಕಳು ನಗುತ್ತಲೇ ಇದ್ದರು.

ಮಲಾವಿಯಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ಎಂಜಿನಿಯರೊಬ್ಬರು ಗಡಿಯಾರ ಹಿಡಿದು ನೋಡಿದರು. 20 ಲೀಟರಿನ ಬಕೆಟ್ ತುಂಬಲು ಪ್ಲೇಪಂಪಿಗೆ ಮೂರು ನಿಮಿಷಕ್ಕೂ ಹೆಚ್ಚು. ಮಾಮೂಲಿ ಅಫ್ರಿಡೆವ್ ಕೈಪಂಪಿಗೆ ಅರ್ಧ ನಿಮಿಷವೂ ಬೇಡ. ಅವರು ಇನ್ನೊಂದನ್ನೂ ಗಮನಿಸಿದರು: ತಾವು ಹೋದಾಗಲೆಲ್ಲ ಕಾಣುತ್ತಿದ್ದದ್ದು ಚಕ್ರ ತಳ್ಳಿ ಏದುಸಿರು ಬಿಡುವ ಹೆಂಗಸರು. ಕ್ಯಾಮೆರಾ ಹೊರಗೆ ತೆಗೆದೊಡನೆ ಎಲ್ಲಿಂದಲೋ ಮಕ್ಕಳು ಬಂದು ಹತ್ತುತ್ತಿದ್ದರು, ಐದು ನಿಮಿಷದಲ್ಲಿ ಯೋಜನೆ ಯಶಸ್ವಿಯಾಗಿಬಿಡುತ್ತಿತ್ತು. ಅಂದರೆ ಯಂತ್ರ ಕೆಲಸ ಮಾಡುತ್ತಿತ್ತು. ಅದಕ್ಕೆ ಬೇಕಾದ ಇಂಧನ ಕ್ಯಾಮೆರಾ ಎಂಬುದನ್ನು ಯಾರೂ ಕೈಪಿಡಿಯಲ್ಲಿ ಬರೆದಿರಲಿಲ್ಲ, ಅಷ್ಟೇ.

ಇನ್ನು ಆ ಫಲಕಗಳು. ದಿನಕ್ಕೆರಡು ಸೈಕಲ್ಲು ಹಾಯುವ ಊರಿನಲ್ಲಿ ಜಾಹೀರಾತು ಹಾಕಲು ಯಾವ ಕಂಪನಿ ಮುಂದೆ ಬರಬೇಕು? ಎಷ್ಟೋ ಫಲಕಗಳು ಖಾಲಿ ಉಳಿದವು. ಜಾಹೀರಾತಿಲ್ಲ, ಆದ್ದರಿಂದ ಹಣವಿಲ್ಲ, ಆದ್ದರಿಂದ ರಿಪೇರಿಯಿಲ್ಲ. ಬಿಚ್ಚಿ ನೋಡಲು ಊರಿನವರಿಗೆ ಬಾರದು. ಕಂಪನಿ ಗೊತ್ತುಮಾಡಿದ ಮೆಕ್ಯಾನಿಕ್ಕೇ ದೂರದ ಪಟ್ಟಣದಿಂದ ಬರಬೇಕು, ತಿಂಗಳುಗಟ್ಟಲೆ ಕಾಯಬೇಕು. ಇದ್ದ ಕೈಪಂಪಿಗೆ ಹೋಗೋಣವೆಂದರೆ ಅದನ್ನು ಕಿತ್ತೇ ಇದನ್ನು ಕೂರಿಸಿದ್ದರು. ಇಷ್ಟಕ್ಕೂ ಒಂದು ಪ್ಲೇಪಂಪಿನ ಬೆಲೆ 14,000 ಡಾಲರ್, ನಾಲ್ಕು ಕೈಪಂಪು ಹಾಕಿಸುವಷ್ಟು ದುಡ್ಡು. ಬಡ ದೇಶಗಳಿಗೆ ನೀರು ಒದಗಿಸುವ ‘ವಾಟರ್‌ಏಡ್’ ಸೇವಾಸಂಸ್ಥೆ 2009ರಲ್ಲಿ ಇದು ನಮಗೆ ಬೇಡ ಎಂದು ಬಹಿರಂಗವಾಗಿ ಹೇಳಿತು. ಮರುವರ್ಷ, ಹಣ ಹೂಡಿದ್ದ ಅಮೆರಿಕದ ಕೇಸ್ ಪ್ರತಿಷ್ಠಾನವೂ ಸೋಲನ್ನು ಒಪ್ಪಿಕೊಂಡಿತು. ಒಪ್ಪಿಕೊಂಡದ್ದಕ್ಕೆ ಅದಕ್ಕೂ ಮೆಚ್ಚುಗೆ ಸಿಕ್ಕಿತು. ದಾನಿಯಾಗಿ ಹುಟ್ಟಿದರೆ ಇದೊಂದು ಅನುಕೂಲ: ಕೊಟ್ಟರೆ ಉದಾರಿ, ಕೆಟ್ಟರೆ ಪ್ರಾಮಾಣಿಕ.

ತಮಾಷೆಯೆಂದರೆ ಉತ್ತರ ಆಗಲೇ ಇತ್ತು. ಅಫ್ರಿಡೆವ್ 1980ರ ದಶಕದಲ್ಲಿ ಮಲಾವಿ ಮತ್ತು ಕೆನ್ಯಾದಲ್ಲಿ ರೂಪುಗೊಂಡ ಕೈಪಂಪು. ಪೇಟೆಂಟಿಲ್ಲ, ನಕ್ಷೆ ಯಾರು ಬೇಕಾದರೂ ಬಳಸಬಹುದು. ಒಂದೇ ಸ್ಪ್ಯಾನರಿನಲ್ಲಿ ಬಿಚ್ಚಿ, ಸವೆದ ವಾಷರು ಬದಲಿಸಿ, ಮತ್ತೆ ಕೂರಿಸುವುದನ್ನು ಊರಿನ ಹೆಂಗಸರೇ ಕಲಿಯಲಿ ಎಂಬ ಉದ್ದೇಶದಿಂದಲೇ ಮಾಡಿದ್ದು. ಅದಕ್ಕೂ ಮೊದಲಿನದು ನಮ್ಮ ‘ಇಂಡಿಯಾ ಮಾರ್ಕ್-2’. ವಿಜಯಪುರದ ಗಡಿ ದಾಟಿದರೆ ಸಿಗುವ ಸೊಲ್ಲಾಪುರದ ಪಂಪಿನ ಮಾದರಿಯಿಂದ 1970ರ ದಶಕದಲ್ಲಿ ಬೆಳೆದು ಬಂದದ್ದು. ಕರ್ನಾಟಕದ ಹಳ್ಳಿಗಳಲ್ಲಿ ನಾವು ‘ಬೋರಿಂಗು’ ಎಂದು ಕರೆದು, ಹಿಡಿಕೆಗೆ ಜೋತು ಬಿದ್ದು, ಅಮ್ಮನಿಂದ ಬೈಸಿಕೊಂಡೆವಲ್ಲ, ಅದೇ. ಉಗಾಂಡದಲ್ಲಿ ಅದರ ತಮ್ಮನಿಗೆ ‘ಯು-2’ ಎಂದು ಹೆಸರು. ಅದಕ್ಕೆ ಜೋತು ಬಿದ್ದ ಮಕ್ಕಳನ್ನು ಯಾರೂ ಸುಸ್ಥಿರ ಅಭಿವೃದ್ಧಿ ಎಂದು ಕರೆಯಲಿಲ್ಲ.

ಇವೂ ಕೆಡುತ್ತವೆ, ಕೆಡದೆ ಏನು? ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಸುಮಾರು ನಾಲ್ಕರಲ್ಲಿ ಒಂದು ಕೈಪಂಪು ಕೆಟ್ಟು ನಿಂತಿರುತ್ತದೆ. ಇಲ್ಲಿ ಇನ್ನೊಂದು ಬಗೆಯ ಮಹಾತ್ಮರ ಪ್ರವೇಶವಾಗುತ್ತದೆ. 1981ರಿಂದ 1990ರವರೆಗೆ ವಿಶ್ವಸಂಸ್ಥೆ ಕುಡಿಯುವ ನೀರಿನ ದಶಕ ಆಚರಿಸಿತು, ಎಲ್ಲರಿಗೂ ನೀರು 1990ಕ್ಕೆ ಎಂದಿತು. ಬರಲಿಲ್ಲ. ಈಗಿನ ಗಡುವು 2030. ಈ ನಡುವೆ ದಾನಿಗಳು, ಸರ್ಕಾರಗಳು ಸೇರಿ ಕಂಡುಕೊಂಡ ಸೂತ್ರ ಸಮುದಾಯ ನಿರ್ವಹಣೆ. ಕೊರೆಸುವಾಗ ಯಾವ ಪಂಪು, ಎಲ್ಲಿ, ಯಾವ ಗುತ್ತಿಗೆದಾರ ಎಂದು ಸಮುದಾಯವನ್ನು ಕೇಳುವುದಿಲ್ಲ. ಉದ್ಘಾಟನೆಯ ದಿನ ಪಂಪು ದಾನಿಯದು, ಹೆಸರು ಕಲ್ಲಿನ ಮೇಲೆ ಕೊರೆದಿರುತ್ತದೆ. ಆ ಸಂಜೆಯೇ ಒಂದು ಸಮಿತಿ ರಚಿಸಿ, ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಂದು ಹೆಸರು ಬರೆದುಕೊಂಡು, ಎರಡು ದಿನ ತರಬೇತಿ ಕೊಟ್ಟು ಜೀಪು ಹೊರಡುತ್ತದೆ. ಪಂಪು ಕೆಟ್ಟ ದಿನ ಅದು ಪೂರ್ತಿ ಊರಿನದು. ಖಜಾಂಚಿಯ ಡಬ್ಬಿಯಲ್ಲಿ ಕಾಸಿಲ್ಲ, ಬಿಡಿಭಾಗ ಸಿಗುವ ಅಂಗಡಿ ಜಿಲ್ಲಾ ಕೇಂದ್ರದಲ್ಲೂ ಇಲ್ಲ. ಮೌಲ್ಯಮಾಪನಕ್ಕೆ ಬಂದ ತಜ್ಞರು ಬರೆಯುವ ಷರಾ: ‘ಸಮುದಾಯದಲ್ಲಿ ಒಡೆತನದ ಭಾವನೆ ಸಾಲದು.’ ಈ ತಜ್ಞರ ಮನೆಯ ನಲ್ಲಿ ಕೆಟ್ಟಾಗ ಅವರು ಬೀದಿಯವರನ್ನೆಲ್ಲ ಸೇರಿಸಿ ಸಮಿತಿ ಮಾಡಿದ್ದನ್ನು ನಾನಂತೂ ಕೇಳಿಲ್ಲ.

ಊರಿನವರೇ ನಡೆಸಲಾರರು ಎಂದಲ್ಲ. ಮಲಾವಿಯ ಮುಲಾಂಜೆ ಬೆಟ್ಟದ ತಪ್ಪಲಿನ ಚಾಂಬೆಯಲ್ಲಿ 1968ರಲ್ಲೇ ಜನ ತಾವೇ ಕಾಲುವೆ ತೋಡಿ, ಕೊಳವೆ ಹೂತು, ಬೆಟ್ಟದ ತೊರೆಯ ನೀರನ್ನು ಊರಿನ ನಲ್ಲಿಗಳಿಗೆ ಇಳಿಸಿಕೊಂಡರು. ಮೋಟಾರಿಲ್ಲ, ಚಕ್ರವಿಲ್ಲ, ನೀರು ಇಳಿಜಾರಿಗೆ ಹರಿಯುತ್ತದೆ ಎಂಬ ಜ್ಞಾನ ಒಂದೇ ಬಂಡವಾಳ. ಸರ್ಕಾರ ಕೊಳವೆ ಮತ್ತು ತಾಂತ್ರಿಕ ನೆರವು ಕೊಟ್ಟು ಬೆನ್ನಿಗೆ ನಿಂತಿತ್ತು. ಇಂಥವು ಹತ್ತಾರು ಆದವು. ಮುಂದೆ ಬೆನ್ನಿಗಿದ್ದ ಕೈ ಸಡಿಲವಾದಂತೆ ಹಲವು ಸೊರಗಿದವು. ಹೂತುಹೋದ ಕೊಳವೆಯ ಫೋಟೊ ತೆಗೆಯಲು ಬರುವುದಿಲ್ಲ, ಅದು ಅದರ ದೊಡ್ಡ ನ್ಯೂನತೆ.

ಫೋಟೊ ಬೇಡವಾದರೆ ಲೆಕ್ಕಪತ್ರದ ಚಮತ್ಕಾರವಾದರೂ ಬೇಕು. 2011ರಲ್ಲಿ ಒಂದು ಸ್ವಿಸ್ ಕಂಪನಿ ಪಶ್ಚಿಮ ಕೆನ್ಯಾದಲ್ಲಿ ಒಂಬತ್ತು ಲಕ್ಷದಷ್ಟು ನೀರಿನ ಫಿಲ್ಟರುಗಳನ್ನು ಉಚಿತವಾಗಿ ಹಂಚಿತು. ಖರ್ಚು ಹೇಗೆ ಹುಟ್ಟಬೇಕು? ಜನ ಇನ್ನು ನೀರು ಕುದಿಸುವುದಿಲ್ಲ, ಸೌದೆ ಉಳಿಯಿತು, ಹೊಗೆ ಉಳಿಯಿತು, ಉಳಿದ ಹೊಗೆಯನ್ನು ಕಾರ್ಬನ್ ಮಾರುಕಟ್ಟೆಯಲ್ಲಿ, ಅಂದರೆ ಒಬ್ಬರು ಉಳಿಸಿದ ಹೊಗೆಯ ಲೆಕ್ಕವನ್ನು ಹೊಗೆ ಬಿಡುವ ಇನ್ನೊಬ್ಬರು ಕೊಳ್ಳುವ ಸಂತೆಯಲ್ಲಿ, ಮಾರೋಣ ಎಂಬುದು ದಾರಿ. ಅಲ್ಲಿ ಬಹಳಷ್ಟು ಜನ ಮೊದಲೂ ನೀರು ಕುದಿಸುತ್ತಿರಲಿಲ್ಲವಲ್ಲ ಎಂದರೆ, ಸೌದೆಗೆ ಗತಿಯಿದ್ದಿದ್ದರೆ ಕುದಿಸುತ್ತಿದ್ದರು ಎಂದು ಅದನ್ನೂ ಲೆಕ್ಕಕ್ಕೆ ಹಿಡಿಯಲು ನಿಯಮದಲ್ಲೇ ಅವಕಾಶವಿತ್ತು. ಹಚ್ಚದ ಒಲೆ, ಉರಿಯದ ಸೌದೆ, ಏಳದ ಹೊಗೆ, ಎಲ್ಲಕ್ಕೂ ಬೆಲೆ. ನಮ್ಮ ಪಂಚಾಯಿತಿಯ ಬಿಲ್ಲು ಬರೆಯುವವರು ಇದನ್ನು ಓದದಿರಲಿ.

ನಿಜವಾಗಿ ಫಲ ಕೊಟ್ಟ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಕೆನ್ಯಾದ ಕ್ಯೂಸೊದಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಪಂಪಿನ ಹಿಡಿಕೆಯೊಳಗೆ ಮೊಬೈಲ್ ಸಂದೇಶ ಕಳಿಸುವ ಸಣ್ಣ ಉಪಕರಣ ಇಟ್ಟರು. ಹಿಡಿಕೆ ಅಲ್ಲಾಡದಿದ್ದರೆ ಸುದ್ದಿ ಹೋಗುತ್ತಿತ್ತು, ಸುದ್ದಿ ಮುಟ್ಟಿದ ಕಡೆ ಸಂಬಳದ ಮೆಕ್ಯಾನಿಕ್ ಬಿಡಿಭಾಗ ಇಟ್ಟುಕೊಂಡು ಕಾಯುತ್ತಿದ್ದ. ಸುಮಾರು ಒಂದು ತಿಂಗಳು ಹಿಡಿಯುತ್ತಿದ್ದ ರಿಪೇರಿ ಮೂರು ದಿನದೊಳಕ್ಕೆ ಇಳಿಯಿತು. ಪತ್ರಿಕೆಗಳು ಉಪಕರಣದ ಬಗ್ಗೆ ಬರೆದವು. ಮೆಕ್ಯಾನಿಕ್‌ನ ಚಿತ್ರ ನಾನು ಹುಡುಕಿದರೂ ಸಿಗಲಿಲ್ಲ.

ಹಾಗಾಗಿ ನನ್ನದೊಂದು ವಿನಮ್ರ ಸಲಹೆ. ಉದ್ಘಾಟನೆಯಿಲ್ಲದೆ ದುಡ್ಡು ಹುಟ್ಟುವುದಿಲ್ಲವಾದರೆ ವಾಷರನ್ನೇ ಉದ್ಘಾಟಿಸೋಣ. ರಾಯಭಾರಿಗಳನ್ನು ಕರೆಸಿ, ಶಾಮಿಯಾನ ಹಾಕಿ, ಬೆಳ್ಳಿ ತಟ್ಟೆಯಲ್ಲಿ ಆ ಕಪ್ಪು ರಬ್ಬರು ಬಿಲ್ಲೆಯನ್ನಿಟ್ಟು, ಟೇಪು ಕತ್ತರಿಸಿ, ಸ್ಪ್ಯಾನರು ಹಿಡಿದು ನಗುವ ಚಿತ್ರ ತೆಗೆಸಿ, ವರ್ಷಕ್ಕೊಂದು ವಾಷರಿನಂತೆ ಮೂವತ್ತು ವರ್ಷ ಮೂವತ್ತು ಸಮಾರಂಭ. ಸಮುದಾಯಕ್ಕೆ ಒಡೆತನ ಬೇಕಾದಷ್ಟು ಸಿಗುತ್ತದೆ, ದಾನಿಗೆ ಚಿತ್ರವೂ ಸಿಗುತ್ತದೆ. ವಾಷರಿನ ಮೇಲೆ ದಾನಿಯ ಹೆಸರು ಬರೆಯಲು ಜಾಗ ಸಾಲದು ಎಂಬ ಆಕ್ಷೇಪ ಬರಬಹುದು. ಅಕ್ಷರ ಸಣ್ಣದು ಮಾಡಿದರಾಯಿತು.