ಬೆಡಿಗೆ ಲೈವ್ ಉಂಟು, ನಗರಸಭೆಗೆ?

ಏಪ್ರಿಲ್ 17ರ ರಾತ್ರಿ ಪುತ್ತೂರು ಮಹಾಲಿಂಗೇಶ್ವರನ ದೇವರಮಾರು ಗದ್ದೆಯಲ್ಲಿ ಬೆಡಿ, ಅಂದರೆ ಜಾತ್ರೆಯ ಸುಡುಮದ್ದು, ಸಿಡಿಯುವ ಹೊತ್ತಿಗೆ ಶಿಕಾಗೋದಲ್ಲಿ ನಮಗೆ ಇನ್ನೂ ಹಗಲು. ಕಚೇರಿಯಲ್ಲಿ ಮೇಜಿನ ಮರೆಗೆ ಮೊಬೈಲ್ ಹಿಡಿದು, ಶಬ್ದ ಅಡಗಿಸಿ ನೋಡುತ್ತೇನೆ. ಶಬ್ದವಿಲ್ಲದ ಬೆಡಿ ಉಪ್ಪಿಲ್ಲದ ಗಂಜಿ, ಆದರೂ ಬಿಡಲಾಗುವುದಿಲ್ಲ. ಪರದೆಯ ಬದಿಯಲ್ಲಿ ದುಬೈಯವರು, ಬಹರೈನಿನವರು ಕೈಮುಗಿಯುವ ಚಿತ್ರಗಳು ಸಾಲುಸಾಲಾಗಿ ಏರುತ್ತಿರುತ್ತವೆ. ಒಂದು ಯೂಟ್ಯೂಬ್ ವಾಹಿನಿಯಲ್ಲಿ ರಥ ಜನರ ತಲೆಗಳಿಗೆ ಮರೆಯಾದರೆ ಇನ್ನೊಂದಕ್ಕೆ ಹೋದರಾಯಿತು.

ಸಂಜೆ ಮನೆಯಲ್ಲಿ ಶಿಕಾಗೋದ ಸ್ಥಳೀಯ ಸುದ್ದಿ. ಕೇಬಲ್ ತೆಗೆಸಿ ಎಷ್ಟೋ ಕಾಲವಾಯಿತು. ನಾನೊಬ್ಬನೇ ಅಲ್ಲ, ಟಿವಿ ನೋಡುಗರನ್ನು ಎಣಿಸುವ ನೀಲ್ಸನ್ ಸಂಸ್ಥೆಯ ಲೆಕ್ಕದಂತೆ 2025ರ ಮೇ ತಿಂಗಳಲ್ಲಿ ಅಮೆರಿಕನ್ನರು ಟಿವಿಯಲ್ಲಿ ಸ್ಟ್ರೀಮಿಂಗ್ ನೋಡಿದ ಹೊತ್ತು, ಕೇಬಲ್ ಮತ್ತು ಸಾಂಪ್ರದಾಯಿಕ ವಾಹಿನಿಗಳೆರಡನ್ನೂ ಕೂಡಿಸಿದರೂ ಅದಕ್ಕಿಂತ ಹೆಚ್ಚಾಯಿತು. ಹಾಗಾಗಿ ಇಲ್ಲಿನ ಸ್ಥಳೀಯ ವಾಹಿನಿಗಳು ಪುಕ್ಕಟೆ ಸ್ಟ್ರೀಮಿಂಗಿಗೆ ಇಳಿದಿವೆ. ಸುಂಟರಗಾಳಿಯ ಎಚ್ಚರಿಕೆ ಬಂದ ರಾತ್ರಿ ಅವರನ್ನು ಮೀರಿಸುವವರಿಲ್ಲ. ಯಾವ ರಸ್ತೆಯ ಮೇಲೆ ಎಷ್ಟು ಹೊತ್ತಿಗೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಉಳಿದ ದಿನ ಗುಂಡು, ಬೆಂಕಿ, ಹೆದ್ದಾರಿಯ ಅಪಘಾತ, ಪುನಃ ಅದೇ ಗುಂಡು. ಊರಿನ ಹೆಸರು ಹೊತ್ತ ವಾಹಿನಿಗಳ ಮಾಲೀಕರು ಊರಿನವರಾಗಿ ಉಳಿದಿಲ್ಲ. ಇಲ್ಲಿನ ಹಳೆಯ ಡಬ್ಲ್ಯುಜಿಎನ್ 2019ರಲ್ಲಿ ನೆಕ್ಸ್‌ಸ್ಟಾರ್ ಕಂಪನಿಯ ಪಾಲಾಯಿತು. 2018ರಲ್ಲಿ ಸಿಂಕ್ಲೇರ್ ಎಂಬ ಇನ್ನೊಂದು ಕಂಪನಿಯ ವಾಹಿನಿಗಳಲ್ಲಿ ಊರೂರಿನ ನಿರೂಪಕರು ಒಂದೇ ಒಕ್ಕಣೆಯನ್ನು ಗಿಣಿಪಾಠದಂತೆ ಒಪ್ಪಿಸಿದ್ದನ್ನು ಯಾರೋ ಒಟ್ಟಿಗೆ ಹೊಲಿದು ತೋರಿಸಿದಾಗ ದೇಶವೇ ನಕ್ಕಿತು.

ಈ ವಿಷಯದಲ್ಲಿ ನಮ್ಮ ಊರೇ ಮೇಲು ಎಂದು ನಾನು ಇಲ್ಲಿಯವರೊಡನೆ ವಾದಿಸಿದ್ದೇನೆ. ಪುತ್ತೂರು, ಸುಳ್ಯ, ಬೆಳ್ತಂಗಡಿ ಮೂರಕ್ಕೂ ಬೇರೆ ಬೇರೆಯಾಗಿ ಬರುವ ‘ಸುದ್ದಿ ಬಿಡುಗಡೆ’ಯಂಥ ಪತ್ರಿಕೆ ಅಮೆರಿಕದ ಎಷ್ಟು ಕೌಂಟಿಗಳಲ್ಲಿ ಉಳಿದಿದೆ? 2005ರಿಂದೀಚೆಗೆ ಇಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪತ್ರಿಕೆಗಳು ಮುಚ್ಚಿವೆ. ನಮ್ಮಲ್ಲಿ ಬಾಗಿಲು ತಟ್ಟಿದರೆ ಸಂಪಾದಕರೇ ಚಾ ತರಿಸುತ್ತಾರೆ.

ಆದರೆ ಶಿಕಾಗೋದ ಒಂದು ಪದ್ಧತಿಯ ಮುಂದೆ ನನ್ನ ವಾದ ನಿಲ್ಲುವುದಿಲ್ಲ. ಇಲ್ಲಿ ಸಿಟಿ ಬ್ಯೂರೋ ಎಂಬ ಸಂಸ್ಥೆ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಸಂಬಳವನ್ನೂ ಕೊಟ್ಟು, ಸರ್ಕಾರಿ ಸಭೆಗಳಲ್ಲಿ ಕುಳ್ಳಿರಿಸುತ್ತದೆ. ಡಾಕ್ಯುಮೆಂಟರ್ಸ್ ಎಂದು ಅವರ ಹೆಸರು. ಶಾಲಾ ಮಂಡಳಿ, ಪೊಲೀಸ್ ಮಂಡಳಿ, ಯಾರೂ ಇಣುಕದ ಸಮಿತಿಗಳು: ಕುಳಿತು, ಬರೆದು, ಎಲ್ಲರಿಗೂ ಸಿಗುವಂತೆ ಇಡುತ್ತಾರೆ. ನಗರ ಪರಿಷತ್ತಿನ ಸಭೆಯ ನೇರಪ್ರಸಾರವಂತೂ ಇದ್ದೇ ಇದೆ. ಒಮ್ಮೆ ನೋಡಲು ಹೋಗಿ ಕುರ್ಚಿಯಲ್ಲೇ ತೂಕಡಿಸಿದೆ. ಗಂಟೆಗಟ್ಟಲೆ ವಿಡಿಯೊ ಸುದ್ದಿಯಲ್ಲ. ಅದರೊಳಗಿನ ಎರಡು ಸಾಲನ್ನು ಹೆಕ್ಕಲು ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು. ಬ್ಲಾಕ್ ಕ್ಲಬ್ ಎಂಬ ಸುದ್ದಿಸಂಸ್ಥೆ ಬಡಾವಣೆಗಳಿಗೆ ವರದಿಗಾರರನ್ನು ಇಟ್ಟು 2018ರಲ್ಲಿ ಶುರುವಾದದ್ದೂ ಓದುಗರ ಚಂದಾದ ನೆರವಿನಿಂದ. ಅದಕ್ಕೆ ಹಿಂದಿನ ವರ್ಷವಷ್ಟೇ ಡಿಎನ್‌ಎಇನ್ಫೊ ಎಂಬ ಸ್ಥಳೀಯ ಸುದ್ದಿತಾಣವನ್ನು ಅದರ ಕೋಟ್ಯಧೀಶ ಮಾಲೀಕ ಒಂದೇ ಸಂಜೆಯಲ್ಲಿ ಮುಚ್ಚಿದ್ದ. ಅಲ್ಲಿದ್ದ ಮೂವರು ಸಂಪಾದಕರು ಸೇರಿ ಇದನ್ನು ಕಟ್ಟಿದರು.

ನಮ್ಮಲ್ಲಿ ಲಾಂಛನ ಅಂಟಿಸಿದ ಮೈಕುಗಳಿಗೆ ಬರಗಾಲವಿಲ್ಲ. ಶಾಸಕರ ಬಾಯಿಯ ಮುಂದೆ ಆರು, ಬ್ರಹ್ಮಕಲಶೋತ್ಸವದಲ್ಲಿ ಹತ್ತು, ನಗರಸಭೆಯ ಸಾಮಾನ್ಯ ಸಭೆಯಲ್ಲಿ ಜಗಳವಾದರೆ ಎರಡು. ಊರಿನಲ್ಲಿರುವ ಅಣ್ಣನ ಗೆಳೆಯರೊಬ್ಬರು ಇಂಥದೊಂದು ವಾಹಿನಿ ನಡೆಸುತ್ತಾರೆ. ಕಸ ಸಾಗಾಟದ ಟೆಂಡರ್ ಬಗ್ಗೆ ಏಕೆ ಕೇಳಲಿಲ್ಲ ಎಂದು ಅಣ್ಣನನ್ನು ವಿಚಾರಿಸಿದೆ.

“ಅದನ್ನು ಕೇಳಿದರೆ ಚೌತಿಗೆ ಶುಭಾಶಯದ ಜಾಹೀರಾತು ಕೊಡುವವರು ಯಾರು ಮಾರಾಯ?” ಎಂದ.

ಅವರನ್ನು ದೂರಿ ಫಲವಿಲ್ಲ. ಬೆಡಿಯನ್ನು ಪುಕ್ಕಟೆ ನೋಡಿ ಕೈಮುಗಿದು ಹೋಗುವ ನನ್ನಂಥವರು ಇಷ್ಟು ವರ್ಷ ಒಂದು ರೂಪಾಯಿ ಕೊಟ್ಟಿಲ್ಲ, ಬ್ಲಾಕ್ ಕ್ಲಬ್ಬಿಗೆ ಮಾತ್ರ ತಪ್ಪದೆ ಚಂದಾ ಕಟ್ಟುತ್ತೇವೆ. ಕಳೆದ ತಿಂಗಳು ಅಣ್ಣನಿಗೆ ಬರೆದೆ: ನಗರಸಭೆಯ ಪ್ರತಿ ಸಭೆಯಲ್ಲೂ ಕುಳಿತು ಬರೆಯಲು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಇಟ್ಟರೆ ತಿಂಗಳಿಗೆ ಎಷ್ಟು ಬೇಕಾದೀತು, ನಿನ್ನ ಗೆಳೆಯರನ್ನು ಕೇಳು, ಹೊರನಾಡಿನ ನಾವು ಹತ್ತು ಜನ ಸೇರಿ ಕೊಡುತ್ತೇವೆ ಎಂದು. ಉತ್ತರ ಇನ್ನೂ ಬಂದಿಲ್ಲ. ನಿನ್ನೆ ಒಂದು ಯಕ್ಷಗಾನದ ನೇರಪ್ರಸಾರದ ಕೊಂಡಿ ಕಳುಹಿಸಿದ್ದಾನೆ.