ಕಂಡಕ್ಟರ್ ಸಾಹೇಬ್ರೇ, ನಿಮ್ಮ ಟಿಕೆಟ್ ಎಲ್ಲಿ?

ಬಸ್ಸು ಹತ್ತುವ ಚೆಕಿಂಗ್‌ನವರಿಗೂ ಒಂದು ಮರ್ಯಾದೆ ಇದೆ. ನೀವು ಇಳಿದು, ಮನೆಗೆ ಹೋಗಿ, ಉಂಡು ಮಲಗಿದ ಮೇಲೆ ಬಾಗಿಲು ಬಡಿದು ‘ಟಿಕೆಟ್ ತೋರಿಸ್ರೀ’ ಅನ್ನುವುದಿಲ್ಲ. ಬ್ರಿಟನ್ನಿನ ಗೃಹ ಇಲಾಖೆಗೆ ಅಂಥ ಸಂಕೋಚವಿಲ್ಲ. ಕೆರಿಬಿಯನ್ ದ್ವೀಪಗಳಿಂದ ಬಂದು ಲಂಡನ್ನಿನ ಬಸ್ಸುಗಳಲ್ಲಿ ಜೀವಮಾನವಿಡೀ ಟಿಕೆಟ್ ಕೊಟ್ಟ ಪೀಳಿಗೆಯವರನ್ನೂ ಅವರ ಬೆರಳು ಹಿಡಿದು ಬಂದ ಮಕ್ಕಳನ್ನೂ ಅರ್ಧ ಶತಮಾನದ ನಂತರ ನಿಲ್ಲಿಸಿ ಅದು ಕೇಳಿತು: ‘ಅದಿರಲಿ, ನೀವು ಈ ದೇಶಕ್ಕೆ ಬಂದಿರಲ್ಲ, ಆ ಚೀಟಿ ಎಲ್ಲಿ?’

ಆ ಪೀಳಿಗೆಗೆ ಹೆಸರು ಕೊಟ್ಟ ಹಡಗಿನಿಂದಲೇ ಶುರು ಮಾಡೋಣ. ‘ಎಂಪೈರ್ ವಿಂಡ್‌ರಶ್’ ಹುಟ್ಟಾ ಬ್ರಿಟಿಷ್ ಹಡಗಲ್ಲ. ಅದು ಜರ್ಮನಿಯ ‘ಮೊಂಟೆ ರೋಸಾ’. ಹಿಟ್ಲರನ ಸೈನಿಕರನ್ನು ಹೊತ್ತು ತಿರುಗಿದ್ದು. ಯುದ್ಧ ಗೆದ್ದವರು ಅದನ್ನು ವಶಪಡಿಸಿಕೊಂಡು ಹೊಸ ನಾಮಕರಣ ಮಾಡಿದರು. ಶತ್ರುವಿನ ಹಡಗಿಗೆ ಪೌರತ್ವ ಇಷ್ಟು ಸಲೀಸು. ಅದೇ ಹಡಗಿನಿಂದ 1948ರ ಜೂನ್ 22ರಂದು ಟಿಲ್ಬರಿ ಬಂದರಿನಲ್ಲಿ ಕೆರಿಬಿಯನ್ ದ್ವೀಪಗಳ ಎಂಟುನೂರಕ್ಕೂ ಹೆಚ್ಚು ಮಂದಿ ಇಳಿದರು. ಅವರಲ್ಲಿ ಅನೇಕರು ಯುದ್ಧದಲ್ಲಿ ಬ್ರಿಟನ್ನಿನ ಪರವಾಗಿಯೇ ಹೋರಾಡಿದವರು. ಕಬ್ಬಿನ ತೋಟಕ್ಕೆಂದು ಆಫ್ರಿಕಾದಿಂದ ಸರಪಳಿ ಹಾಕಿ ಸಾಗಿಸಿದವರ ಮರಿಮಕ್ಕಳು. ಆ ಮೊದಲ ಪ್ರಯಾಣಕ್ಕೆ ಯಾರೂ ವೀಸಾ ಕೇಳಿರಲಿಲ್ಲ ಅನ್ನಿ.

ಬಂದವರಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ಮಲಗಲು ಜಾಗವಿರಲಿಲ್ಲ. ಕ್ಲಾಪಮ್ ಸೌತ್ ರೈಲು ನಿಲ್ದಾಣದ ಅಡಿಯಲ್ಲಿ, ಬಾಂಬಿಗೆ ಹೆದರಿ ತೋಡಿದ್ದ ಸುರಂಗದಲ್ಲಿ ಹಾಸಿಗೆ ಹಾಕಿಕೊಟ್ಟರು. ಹತ್ತಿರದ ಉದ್ಯೋಗ ವಿನಿಮಯ ಕಚೇರಿ ಬ್ರಿಕ್ಸ್‌ಟನ್‌ನ ಕೋಲ್ಡ್‌ಹಾರ್ಬರ್ ಲೇನಿನಲ್ಲಿತ್ತು. ಕೆಲಸ ಹುಡುಕಿ ಅಲ್ಲಿಗೆ ನಡೆದರು, ಅಲ್ಲೇ ಬಾಡಿಗೆ ಕೋಣೆ ಕೇಳಿದರು. ಬ್ರಿಕ್ಸ್‌ಟನ್ ಕೆರಿಬಿಯನ್ ಪೇಟೆಯಾದದ್ದು ಹೀಗೆ, ಕಾಲ್ನಡಿಗೆಯ ಲೆಕ್ಕದಲ್ಲಿ. ಬ್ಯಾಂಕುಗಳು ಇವರಿಗೆ ಸಾಲ ಕೊಡಲು ಮೂಗು ಮುರಿದಾಗ ‘ಪಾರ್ಡ್ನರ್’ ಕಟ್ಟಿದರು. ನಮ್ಮ ಓಣಿಯ ಅಕ್ಕಂದಿರ ಚೀಟಿ ವ್ಯವಹಾರವೇ ಅದು. ವಾರವಾರ ಎಲ್ಲರೂ ಹಾಕುವುದು, ಸರದಿ ಬಂದವರು ಎತ್ತುವುದು. ಆ ಚೀಟಿ ದುಡ್ಡಿನಲ್ಲಿ ಮನೆಗಳ ಮುಂಗಡ ಕಟ್ಟಿದರು.

1956ರಿಂದ ಲಂಡನ್ ಟ್ರಾನ್ಸ್‌ಪೋರ್ಟ್‌ನವರು ತಾವೇ ಬಾರ್ಬಡೋಸಿಗೆ ಹೋಗಿ ಕಂಡಕ್ಟರು, ನಿಲ್ದಾಣದ ಆಳುಗಳನ್ನು ಆರಿಸಿ ತಂದರು. ಪ್ರಯಾಣದ ಖರ್ಚನ್ನು ಅಲ್ಲಿನ ಸರ್ಕಾರ ಸಾಲವಾಗಿ ಕೊಟ್ಟಿತು. ಇವರು ಸಂಬಳದಲ್ಲಿ ಕಂತು ಕಟ್ಟಿದರು. ಅಂದರೆ ಲಂಡನ್ನನ್ನು ಓಡಾಡಿಸಲು ಬರುವ ಖರ್ಚೂ ಓಡಾಡಿಸುವವರದ್ದೇ. ಬ್ರಿಸ್ಟಲ್‌ನ ಬಸ್ ಕಂಪನಿಗೆ ಮಾತ್ರ ಬಿಳಿಯರಲ್ಲದವರ ಕೈಯಿಂದ ಟಿಕೆಟ್ ಕೊಡಿಸಲು ಮನಸ್ಸಿರಲಿಲ್ಲ. 1963ರಲ್ಲಿ ಕಪ್ಪುಜನ ಬಸ್ ಬಹಿಷ್ಕರಿಸಿ ಕಂಪನಿಯನ್ನು ಮಣಿಸಿದರು. ಆಮೇಲೆ ಬಿಳಿಯರಲ್ಲದ ಮೊದಲ ಕಂಡಕ್ಟರ್ ಆದದ್ದು ಯಾರು? ಒಬ್ಬ ಸಿಖ್ಖರು! ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುವ ಕಲೆಯಲ್ಲಿ ಭಾರತದವರನ್ನು ಮೀರಿಸುವವರಿಲ್ಲ.

ಈಗ ಇಲಾಖೆಯ ಪ್ರತಿಭೆಗೆ ಬರೋಣ. 1973ಕ್ಕೆ ಮುಂಚೆ ಬಂದು ನೆಲೆಸಿದವರು ಇಲ್ಲೇ ಇರಬಹುದು ಎಂದು ಕಾನೂನು ಹೇಳಿತು. ಹೇಳಿತು ಅಷ್ಟೇ, ಕೈಗೊಂದು ಕಾಗದ ಕೊಡಲಿಲ್ಲ. ಅವರು ಬಂದಿಳಿದ ದಿನ ತುಂಬಿಸಿಕೊಂಡ ಕಾರ್ಡುಗಳು ಕ್ರಾಯ್ಡನ್‌ನ ಕಚೇರಿಯೊಂದರ ನೆಲಮಾಳಿಗೆಯಲ್ಲಿದ್ದವು. 2010ರಲ್ಲಿ ಅವನ್ನು ನಾಶಮಾಡಿದರು. ಕೊಟ್ಟ ಕಾರಣ, ಜನರ ಖಾಸಗಿ ಮಾಹಿತಿಯ ರಕ್ಷಣೆ! 2012ರಲ್ಲಿ ಗೃಹ ಸಚಿವೆ ಥೆರೆಸಾ ಮೇ ಅಕ್ರಮ ವಲಸಿಗರಿಗೆ ‘ಪ್ರತಿಕೂಲ ವಾತಾವರಣ’ ಸೃಷ್ಟಿಸುವುದಾಗಿ ಸಾರಿದರು. ಮುಂದೆ ಮನೆ ಮಾಲೀಕ, ಬ್ಯಾಂಕು, ಆಸ್ಪತ್ರೆ, ಎಲ್ಲರೂ ಕಾಗದ ಕೇಳುವ ಪೊಲೀಸರಾದರು. ಇದ್ದ ಒಂದೊಂದು ವರ್ಷಕ್ಕೂ ದಾಖಲೆ ತನ್ನಿ ಎಂದಿತು ಇಲಾಖೆ. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲವಂತೆ. ಈ ಅತ್ತೆ ತಾನೇ ಒಡೆದು, ಸೊಸೆಯ ಹತ್ತಿರ ಚೂರುಗಳ ರಸೀದಿ ಕೇಳಿದಳು. ವಿಂಡ್‌ರಶ್ ಹಡಗನ್ನೇ ಸಾಕ್ಷಿಗೆ ಕರೆಯೋಣವೆಂದರೆ ಅದು 1954ರಲ್ಲೇ ಮೆಡಿಟರೇನಿಯನ್ ಸಮುದ್ರದ ತಳ ಸೇರಿದೆ.

ಆ ದೇಶಕ್ಕೆ ಕಾಗದ ಕಾಪಾಡಲು ಬಾರದು ಅಂದುಕೊಳ್ಳಬೇಡಿ. ಗುಲಾಮಗಿರಿ ನಿಂತಾಗ ಗುಲಾಮರ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟ ಲೆಕ್ಕ ಇವತ್ತಿಗೂ ಜೋಪಾನವಾಗಿದೆ. ಅದಕ್ಕೆಂದು ಎತ್ತಿದ ಸಾಲದ ಬಾಕಿ ತೀರಿದ್ದು 2015ರಲ್ಲಿ. ಕಂಡಕ್ಟರರ ತೆರಿಗೆಯೂ ಅದರಲ್ಲಿ ಸೇರಿದೆ.

2013ರಲ್ಲಿ ಲಂಡನ್ನಿನ ಬೀದಿಗಳಲ್ಲಿ ‘ಅಕ್ರಮವಾಗಿದ್ದರೆ ಊರಿಗೆ ಹೋಗಿ, ಇಲ್ಲವೇ ಬಂಧನ’ ಎಂಬ ಹಲಗೆ ಹೊತ್ತ ವ್ಯಾನುಗಳು ಸುತ್ತಿದವು. ನಮ್ಮ ಚುನಾವಣೆಯ ಆಟೋ ಇದ್ದ ಹಾಗೆ, ಮೈಕು ಮಾತ್ರ ಇಲ್ಲ. ಹಲಗೆ ಓದಿ ದೇಶ ಬಿಟ್ಟವರು 11 ಮಂದಿ ಎಂದು ಇಲಾಖೆಯೇ ಲೆಕ್ಕ ಕೊಟ್ಟಿತು. ನಾಟಿಂಗ್ ಹಿಲ್‌ನಲ್ಲಿ ಪ್ರತಿ ಆಗಸ್ಟಿನಲ್ಲಿ ಇದೇ ಜನ ಕಟ್ಟಿದ ಕಾರ್ನಿವಲ್ಲಿಗೆ ಲಕ್ಷಗಟ್ಟಲೆ ಮಂದಿ ಸೇರುತ್ತಾರೆ, ನಗರದ ಜಾಹೀರಾತುಗಳಲ್ಲೂ ಅದರ ಚಿತ್ರ ಮಿಂಚುತ್ತದೆ. ಕುಣಿಯುವಾಗ ಯಾರೂ ಕಾಗದ ಕೇಳುವುದಿಲ್ಲ.

2018ರಲ್ಲಿ ವಿಷಯ ಬಯಲಾಯಿತು. ಕನಿಷ್ಠ 83 ಮಂದಿಯನ್ನು ಹೊರದೇಶಕ್ಕೇ ಅಟ್ಟಿಬಿಟ್ಟಿದ್ದರು. ಸಚಿವೆ ಅಂಬರ್ ರಡ್ ರಾಜೀನಾಮೆ ಕೊಟ್ಟರು, ಸರ್ಕಾರ ಕ್ಷಮೆ ಕೇಳಿತು, ಪರಿಹಾರ ಯೋಜನೆ ಬಂತು. ಅದಕ್ಕೆ ಮತ್ತೆ ಅರ್ಜಿ, ಮತ್ತೆ ದಾಖಲೆ, ಕೇಳುವುದೂ ಅದೇ ಇಲಾಖೆ. 2021ರ ಕೊನೆಗೆ ಸಂಸತ್ತಿನ ಸಮಿತಿ ಎಣಿಸಿದಾಗ, ಹಣ ಕೈ ಸೇರುವ ಮುಂಚೆಯೇ ತೀರಿಕೊಂಡವರು 23.

ಹಣ ತಡವಾದರೂ ಸನ್ಮಾನಕ್ಕೆ ಕೊರತೆಯಿಲ್ಲ. 2022ರಲ್ಲಿ ವಾಟರ್ಲೂ ನಿಲ್ದಾಣದಲ್ಲಿ 10 ಲಕ್ಷ ಪೌಂಡಿನ ಪ್ರತಿಮೆ ನಿಂತಿತು: ಗಂಡ, ಹೆಂಡತಿ, ಮಗು, ಕಾಲಡಿ ಸೂಟ್‌ಕೇಸುಗಳ ರಾಶಿ. 2023ರಲ್ಲಿ 50 ಪೆನ್ಸ್ ನಾಣ್ಯ ಟಂಕಿಸಿದರು. 2024ರಲ್ಲಿ ನಗರದ ಒಂದು ರೈಲು ಮಾರ್ಗಕ್ಕೇ ‘ವಿಂಡ್‌ರಶ್ ಲೈನ್’ ಎಂದು ಹೆಸರಾಯಿತು.

ಆ ರೈಲು ಬ್ರಿಕ್ಸ್‌ಟನ್ ಮೇಲಿಂದಲೇ ಹೋಗುತ್ತದೆ. ಎತ್ತರದ ಸೇತುವೆ, ಅಲ್ಲಿ ಅದಕ್ಕೆ ಪ್ಲಾಟ್‌ಫಾರಂ ಇಲ್ಲ, ನಿಲ್ಲುವುದಿಲ್ಲ. ಕೆಳಗೆ ಮಾರುಕಟ್ಟೆಯಲ್ಲಿ ಬಾಳೆಕಾಯಿ ಆರಿಸುತ್ತಿರುವ ಮುದುಕರು ತಲೆಯೆತ್ತಿ ನೋಡಬಹುದು. ಹತ್ತಬೇಕೆಂದರೆ ಡೆನ್ಮಾರ್ಕ್ ಹಿಲ್‌ಗೋ ಕ್ಲಾಪಮ್‌ಗೋ ನಡೆಯಬೇಕು. ನಡೆದ ದಾರಿಯೇ, 1948ರಲ್ಲಿ.